ಹಿರಿಯರಿಗೂ ಒಂದು ಕೂಟ ಬೇಕು



ಸಂಘದ ಸಭೆ ಅಂದರೆ ನಮಗೆ ಥಟ್ಟನೆ ನೆನಪಾಗೋದು ಉಳಿತಾಯ, ಸಾಲ, ಮರುಪಾವತಿ, ನಡಾವಳಿ ಪುಸ್ತಕ. ಆದರೆ ಸಭೆಯಿಂದ ನಮಗೆ ಸಿಕ್ಕಿರೋದು ಬರೀ ದುಡ್ಡಲ್ಲ. ವಾರಕ್ಕೊಮ್ಮೆ ಮನೆಯಿಂದ ಹೊರಗೆ ಬಂದು, ಚಾಪೆ ಮೇಲೆ ಕೂತು, ನಾಲ್ಕು ಜನರ ಎದುರು ನಮ್ಮ ಹೆಸರು ಹೇಳಿ, ನಮ್ಮ ಕಷ್ಟಸುಖ ಹಂಚಿಕೊಳ್ಳೋ ಧೈರ್ಯ ಅಲ್ಲಿಂದಲೇ ಬಂದದ್ದು. ಈಗ ಒಂದು ಪ್ರಶ್ನೆ. ನೀವು ಸಭೆಗೆ ಬಂದಾಗ ನಿಮ್ಮ ಮನೆಯಲ್ಲಿರೋ ಅತ್ತೆ, ಅವ್ವ, ಮಾವ, ಅಪ್ಪ ಎಲ್ಲಿರ್ತಾರೆ? ಅವರಿಗೆ ಅಂತ ಒಂದು ಸಭೆ, ಒಂದು ಕೂಟ ಇದೆಯೇ? ಈ ಸಲ ಆ ವಿಷಯವನ್ನೇ ಸ್ವಲ್ಪ ವಿವರವಾಗಿ ತಿಳಿಯೋಣ.

ಮನೆ ತುಂಬ ಜನ, ಆದರೂ ಒಂಟಿ

ದಟ್ಟಗಳ್ಳಿ ಒಂದು ಕಾಲಕ್ಕೆ ಮೈಸೂರಿನ ಪಕ್ಕದ ಹಳ್ಳಿ. ಹೊಲ, ಗದ್ದೆ, ಕಟ್ಟೆ, ದನಕರು ಇದ್ದ ಜಾಗ. ಮುಡಾದವರು ಬಡಾವಣೆ ಮಾಡಿ ಸೈಟ್ ಹಂಚಿದ ಮೇಲೆ, ರಿಂಗ್ ರಸ್ತೆ ಬಂದ ಮೇಲೆ, ಊರಿನ ಮುಖವೇ ಬದಲಾಯಿತು. ಈಗ ಇಲ್ಲಿ ಎರಡು ಬಗೆಯ ಹಿರಿಯರನ್ನು ಕಾಣುತ್ತೇವೆ. ಒಂದು, ಹಳೇ ಊರಿನ ಮನೆಗಳಲ್ಲಿರೋ ಅಜ್ಜಿ, ತಾತಂದಿರು. ಮಗ ಗಾರೆ ಕೆಲಸಕ್ಕೋ ಆಟೋ ಓಡಿಸಲಿಕ್ಕೋ ಹೋಗ್ತಾನೆ, ಸೊಸೆ ಮನೆಗೆಲಸಕ್ಕೆ, ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಮೊಮ್ಮಕ್ಕಳು ಶಾಲೆಗೆ. ಇನ್ನೊಂದು, ಕನಕದಾಸನಗರದಂಥ ಬಡಾವಣೆಗಳಲ್ಲಿ ರಿಟೈರ್ ಆದ ಮೇಲೆ ಮನೆ ಕಟ್ಟಿಕೊಂಡವರು. ಅವರ ಮಕ್ಕಳು ಬೆಂಗಳೂರಲ್ಲೋ ಪರದೇಶದಲ್ಲೋ ಇರ್ತಾರೆ. ಒಬ್ಬರ ಮನೆ ಶೀಟ್ ಮನೆ, ಇನ್ನೊಬ್ಬರದು ಮಹಡಿ ಮನೆ. ಆದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಇಬ್ಬರ ಪಾಡೂ ಒಂದೇ. ಮಾತಾಡಲಿಕ್ಕೆ ಜನ ಇಲ್ಲ, ಟಿವಿ ಒಂದೇ ಗತಿ.

ಹಿಂದೆ ಇದಕ್ಕೆ ಯಾರೂ ಸಂಘ ಕಟ್ಟಬೇಕಾಗಿರಲಿಲ್ಲ. ಮನೆ ಮುಂದೆ ಜಗಲಿ ಇತ್ತು, ಊರ ಮುಂದೆ ಅರಳಿಕಟ್ಟೆ ಇತ್ತು. ಬೀದಿ ನಲ್ಲಿ ಹತ್ತಿರ ಅರ್ಧ ಗಂಟೆ ಮಾತಾಗುತ್ತಿತ್ತು. ಸುಗ್ಗಿ, ಸೋಬಾನೆ, ಹರಿಕಥೆ, ಭಜನೆ, ಕೊಂಡ, ಜಾತ್ರೆ ಅಂತ ಹಿರಿಯರಿಗೆ ವರ್ಷವಿಡೀ ಕೆಲಸ ಇತ್ತು, ಮರ್ಯಾದೆನೂ ಇತ್ತು. ಈಗ ಜಗಲಿ ಹೋಗಿ ಕಾಂಪೌಂಡ್ ಬಂದಿದೆ, ಗೇಟಿಗೆ ಚಿಲಕ ಬಂದಿದೆ. ಹೊಸ ಮನೆಯಲ್ಲಿ ನಲ್ಲಿ ಒಳಗೇ ಇದೆ. ಇದು ಸುಖವೇ, ಬೇಡ ಅನ್ನಲಾಗದು. ಆದರೆ ಅದರ ಜೊತೆಗೆ ಹೋದ ಮಾತುಕತೆಯನ್ನು ನಾವೇ ಮತ್ತೆ ಕಟ್ಟಿಕೊಳ್ಳಬೇಕಾಗಿದೆ.

ನಾವು ಸಂಘಗಳ ಸಭೆಗೆ ಬಂದಾಗ ಕೇಳಿಸಿಕೊಳ್ಳೋ ಮಾತುಗಳು ಇವು. "ನಮ್ಮತ್ತೆ ಯಾವಾಗ ನೋಡಿದ್ರೂ ಗೊಣಗ್ತಾರೆ ಮೇಡಂ." "ನಮ್ಮಪ್ಪ ಮಾತೇ ಬಿಟ್ಬಿಟ್ಟವ್ರೆ." "ಹೇಳಿದ್ದೇ ಹೇಳ್ತಾರೆ, ಕೇಳಿ ಕೇಳಿ ಸಾಕಾಗದೆ." ಅದೇ ಹಿರಿಯರ ಹತ್ತಿರ ಕೂತು ಕೇಳಿದರೆ ಬರೋ ಮಾತು ಬೇರೆ. "ನನ್ನ ಮಾತು ಯಾರಿಗೆ ಬೇಕು ಕಣವ್ವ." ಈ ಎರಡು ಮಾತಿನ ನಡುವೆ ಎಷ್ಟೋ ಮನೆಗಳ ನೆಮ್ಮದಿ ಸಿಕ್ಕಿಹಾಕಿಕೊಂಡಿದೆ. ಗೊಣಗಾಟಕ್ಕೆಲ್ಲ ಕೆಟ್ಟ ಸ್ವಭಾವವೇ ಕಾರಣ ಅಂದುಕೊಳ್ಳೋದು ಬೇಡ. ಬಹಳ ಸಲ ಅದು ಒಂಟಿತನದ ಕೂಗು.

ಒಂಟಿತನವೂ ಆರೋಗ್ಯದ ವಿಷಯ

"ಊಟ ಹಾಕ್ತೀವಿ, ಮಾತ್ರೆ ಕೊಡಿಸ್ತೀವಿ, ಇನ್ನೇನು ಬೇಕು?" ಅಂತ ಕೆಲವರು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಇದೇ ವಿಷಯಕ್ಕೆ 2023ರಲ್ಲಿ ಒಂದು ಆಯೋಗ ಮಾಡಿತು. ಅದರ ವರದಿ 2025ರ ಜೂನ್‌ನಲ್ಲಿ ಬಂತು. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ, ಒಂಟಿತನಕ್ಕೆ ಸಂಬಂಧಪಟ್ಟಂತೆ ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಾಗುತ್ತಿವೆ ಎಂದು ಅದು ಲೆಕ್ಕ ಕೊಟ್ಟಿದೆ. ಅಂದರೆ ಗಂಟೆಗೆ ಸುಮಾರು ನೂರು.

ಒಂಟಿತನಕ್ಕೂ ಸಾವಿಗೂ ಏನು ಸಂಬಂಧ? ಒಂದೊಂದಾಗಿ ನೋಡೋಣ. ಮಾತಾಡುವವರಿಲ್ಲದ ಹಿರಿಯರು ಹೊರಗೆ ಹೋಗೋದು ಬಿಡ್ತಾರೆ. ನಡಿಗೆ ಕಡಿಮೆಯಾದರೆ ಕಾಲಿನ ಶಕ್ತಿ ಕುಗ್ಗುತ್ತೆ, ಬೀಳುವ ಅಪಾಯ ಹೆಚ್ಚುತ್ತೆ. ಒಬ್ಬರೇ ಕೂತು ಉಣ್ಣುವಾಗ ಊಟ ಸೇರೋದಿಲ್ಲ. ನಿದ್ದೆ ಕೆಡುತ್ತೆ. ಬಿಪಿ, ಸಕ್ಕರೆ ಕಾಯಿಲೆ ಮಾತ್ರೆ ತಗೊಂಡ್ರಾ ಅಂತ ಕೇಳುವವರಿಲ್ಲದೆ ಬಿಟ್ಟುಹೋಗುತ್ತೆ. ಮನಸ್ಸು ಮಂಕಾಗುತ್ತೆ. ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿಯಲ್ಲಿ, ನಾವು ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದ್ದಾರೆ. ಜನರಿಂದ ದೂರವಾಗಿ ಬದುಕೋದು ಅದರಲ್ಲಿ ಒಂದು. ಕಿವಿ ಕೇಳದಿರೋದು, ಕಣ್ಣು ಕಾಣದಿರೋದು ಕೂಡ ಆ ಪಟ್ಟಿಯಲ್ಲಿವೆ. ಈ 14 ಕಾರಣಗಳನ್ನೂ ಸರಿಪಡಿಸಿದರೆ ನೂರಕ್ಕೆ ಸುಮಾರು 45ರಷ್ಟು ಮರೆವಿನ ಕಾಯಿಲೆಯನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅವರ ಅಂದಾಜು.

ಒಂದು ಮಾತು ಸ್ಪಷ್ಟವಾಗಿರಲಿ. ಕೂಟಕ್ಕೆ ಬಂದರೆ ಕಾಯಿಲೆ ವಾಸಿಯಾಗುತ್ತೆ ಅಂತ ನಾವು ಹೇಳುತ್ತಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬಾರದು. ಆದರೆ ಮಾತ್ರೆ ಮಾಡಲಾಗದ ಕೆಲಸವನ್ನು ಮನುಷ್ಯರ ಒಡನಾಟ ಮಾಡುತ್ತೆ.

ಇದು ನಮ್ಮ ನಾಳೆಯ ವಿಷಯವೂ ಹೌದು. 2011ರ ಜನಗಣತಿ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ, ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಕರ್ನಾಟಕದಲ್ಲಿ ನೂರು ಜನರಲ್ಲಿ ಒಂಬತ್ತು ಹತ್ತು ಮಂದಿ ಹಿರಿಯರಿದ್ದರು. ಆಮೇಲೆ ಈ ಸಂಖ್ಯೆ ಏರುತ್ತಲೇ ಇದೆ. ಸಾಮಾನ್ಯವಾಗಿ ಹೆಂಗಸರು ಗಂಡನಿಗಿಂತ ವಯಸ್ಸಿನಲ್ಲಿ ಚಿಕ್ಕವರು, ಹೆಚ್ಚು ವರ್ಷ ಬದುಕುವವರು. ಆದ್ದರಿಂದ ಕೊನೆಯ ವರ್ಷಗಳನ್ನು ಒಬ್ಬರೇ ಕಳೆಯೋದೂ ಹೆಚ್ಚಾಗಿ ಅವರೇ. ಇವತ್ತು ನಾವು ಕಟ್ಟೋ ಕೂಟದಲ್ಲಿ ಇನ್ನು ಇಪ್ಪತ್ತು ವರ್ಷಕ್ಕೆ ನಾವೇ ಕೂರಬೇಕಾಗುತ್ತೆ.

ಬೇರೆ ಕಡೆ ಏನು ಮಾಡಿದ್ದಾರೆ?

ಮುಂಬೈನಲ್ಲಿ 1995ರ ಮಾರ್ಚ್ 13ರಂದು ಡಾ. ಮದನ್ ಕಟಾರಿಯಾ ಎಂಬ ವೈದ್ಯರು ಒಂದು ಪಾರ್ಕಿನಲ್ಲಿ ಬೆರಳೆಣಿಕೆಯ ಜನರನ್ನು ಸೇರಿಸಿ ನಗೆಕೂಟ ಶುರು ಮಾಡಿದರು. ಇವತ್ತು ಎಷ್ಟೋ ದೇಶಗಳಲ್ಲಿ ಅಂಥ ಕೂಟಗಳಿವೆ. ಮೈಸೂರಿನ ಪಾರ್ಕುಗಳಲ್ಲೂ ಬೆಳಗಿನ ಹೊತ್ತು ಹಿರಿಯರು ಕೈ ಮೇಲೆತ್ತಿ ನಗೋದನ್ನ ನೀವು ನೋಡಿರಬಹುದು. ಇದಕ್ಕೆ ಕಟ್ಟಡ ಬೇಡ, ದುಡ್ಡು ಬೇಡ.

ಪಕ್ಕದ ಕೇರಳದಲ್ಲಿ 1998ರಲ್ಲಿ ಶುರುವಾದ ಕುಟುಂಬಶ್ರೀ ನಮ್ಮ ಸ್ವಸಹಾಯ ಸಂಘಗಳ ಹಾಗೆಯೇ ಹೆಂಗಸರ ನೆರೆಹೊರೆ ಗುಂಪುಗಳ ಜಾಲ. ಅವರು ಹಿರಿಯರಿಗೆ ಅಂತಲೇ ಬೇರೆ ನೆರೆಹೊರೆ ಗುಂಪುಗಳನ್ನೂ ಕಟ್ಟಿದ್ದಾರೆ. ಅಲ್ಲಿ 'ಪಗಲ್ ವೀಡು' ಅಂತ, ಅಂದರೆ 'ಹಗಲು ಮನೆ' ಅಂತ ಇರುತ್ತೆ. ಹಿರಿಯರು ಹಗಲು ಹೊತ್ತು ಅಲ್ಲಿ ಕಳೆದು ಸಂಜೆ ಮನೆಗೆ ಹೋಗ್ತಾರೆ. ಇದು ವೃದ್ಧಾಶ್ರಮ ಅಲ್ಲ. ಮನೆ ಬಿಡಿಸೋದಿಲ್ಲ, ಮನೆಗೆ ಆಸರೆಯಾಗುತ್ತೆ. ನಮ್ಮ ರಾಜ್ಯದಲ್ಲೂ ಇದೇ ರೀತಿಯ ಹಗಲು ಆರೈಕೆ ಕೇಂದ್ರಗಳಿಗೆ ಸರ್ಕಾರದ ನೆರವು ಇದೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಬಹುದು.

ಆಫ್ರಿಕಾದ ಜಿಂಬಾಬ್ವೆ ನಮ್ಮಂತೆಯೇ ಬಡ ದೇಶ. ಅಲ್ಲಿ ಮನೋವೈದ್ಯರು ಬಹಳ ಕಡಿಮೆ. ಡಾ. ಡಿಕ್ಸನ್ ಚಿಬಾಂಡಾ ಎಂಬ ವೈದ್ಯರು 2006ರಲ್ಲಿ ಹರಾರೆ ನಗರದ ಬಡ ಬಡಾವಣೆಯೊಂದರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಆಸ್ಪತ್ರೆ ಹೊರಗೆ ಒಂದು ಮರದ ಬೆಂಚು ಹಾಕಿ, ಮನಸ್ಸಿಗೆ ನೋವಾದವರು ಬಂದರೆ ಅಜ್ಜಿ ಪಕ್ಕದಲ್ಲಿ ಕೂತು ಅವರ ಮಾತು ಕೇಳೋದು. ಅದಕ್ಕೆ 'ಸ್ನೇಹದ ಬೆಂಚು' ಅಂತ ಹೆಸರು. ಅಲ್ಲಿಗೆ ಬಂದವರ ಮನೋವೇದನೆ ನಿಜಕ್ಕೂ ಕಡಿಮೆಯಾಗುತ್ತೆ ಎಂದು 2016ರಲ್ಲಿ ಸಂಶೋಧನೆಯಲ್ಲಿ ಕಂಡುಬಂತು. ನಮಗೆ ಇದರಲ್ಲಿ ದೊಡ್ಡ ಪಾಠವಿದೆ. ಹಿರಿಯರು ಬರೀ ಸೇವೆ ತಗೊಳ್ಳುವವರಲ್ಲ, ಕೊಡುವವರೂ ಹೌದು. "ನಿಮ್ಮನ್ನ ನೋಡ್ಕೋತೀವಿ" ಅಂದರೆ ಅವರಿಗೆ ಅರ್ಧ ಸಂತೋಷ. "ನಿಮ್ಮಿಂದ ನಮಗೊಂದು ಕೆಲಸ ಆಗಬೇಕು" ಅಂದರೆ ಪೂರ್ತಿ ಸಂತೋಷ.

ಧರ್ಮಸಭೆಯೂ ಇದನ್ನೇ ಹೇಳುತ್ತಾ ಬಂದಿದೆ. ಲೂಕನ ಶುಭಸಂದೇಶದ ಎರಡನೇ ಅಧ್ಯಾಯ ಓದಿ ನೋಡಿ. ದೇವಾಲಯಕ್ಕೆ ತಂದ ಬಾಲಯೇಸುವನ್ನು ಗುರುತು ಹಿಡಿದವರು ಪಂಡಿತರಲ್ಲ, ಅಧಿಕಾರಿಗಳಲ್ಲ. ಸಿಮೆಯೋನ ಮತ್ತು ಅನ್ನಾ ಎಂಬ ಇಬ್ಬರು ವೃದ್ಧರು. ಅದರಲ್ಲಿ ಅನ್ನಾ ವಿಧವೆ. 2021ರಲ್ಲಿ ವಿಶ್ವಗುರು ಪೋಪ್ ಫ್ರಾನ್ಸಿಸ್‌ರವರು ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ-ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವೆಂದು ಸಾರಿದರು. ವಿಶ್ವಸಂಸ್ಥೆ 1990ರಲ್ಲಿ ತೀರ್ಮಾನಿಸಿದಂತೆ ಅಕ್ಟೋಬರ್ 1 ವಿಶ್ವ ಹಿರಿಯರ ದಿನ. ಈ ಎರಡು ದಿನ ಒಂದು ಶಾಲು, ಒಂದು ಹಣ್ಣಿನ ತಟ್ಟೆ ಕೊಟ್ಟು ಕಳಿಸಿದರೆ ಸಾಲದು. ಉಳಿದ 363 ದಿನದ ವಿಷಯ ಏನು ಅನ್ನೋದೇ ಪ್ರಶ್ನೆ.

ನಮ್ಮ ಹತ್ತಿರವೇ ಏನೇನಿದೆ?

ಕೂಟ ಅಂದರೆ ಹೊಸದೇನೋ ತರಬೇಕಿಲ್ಲ. ಮೈಸೂರು ಸೀಮೆಯಲ್ಲಿ ಹಿರಿಯರ ಮನಸ್ಸು ಅರಳಿಸುವಂಥದ್ದು ಬೇಕಾದಷ್ಟಿದೆ.

ಆಟಗಳು: ಚೌಕಾಬಾರ, ಅಳಗುಳಿಮಣೆ, ಪಗಡೆ, ಆಡುಹುಲಿ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಮಣೆಯಾಟಗಳಲ್ಲಿ ಬಹಳ ಆಸಕ್ತಿ ಇಟ್ಟು ಹೊಸ ಆಟಗಳನ್ನೇ ರಚಿಸಿದವರು. ಹುಣಸೆಬೀಜ, ಕವಡೆ, ಸೀಮೆಸುಣ್ಣದಲ್ಲಿ ಬರೆದ ಮನೆ ಇದ್ದರೆ ಚೌಕಾಬಾರಕ್ಕೆ ಸಾಕು. ಎಣಿಸಬೇಕು, ನೆನಪಿಡಬೇಕು, ಎದುರಾಳಿಯ ಕಾಯಿ ಹೊಡೆಯಲು ಲೆಕ್ಕ ಹಾಕಬೇಕು. ಬುದ್ಧಿಗೂ ಕೈಬೆರಳಿಗೂ ಒಟ್ಟಿಗೇ ಕೆಲಸ.

ಹಾಡು, ಕಥೆ: ಸೋಬಾನೆ ಪದ, ರಾಗಿ ಬೀಸೋ ಪದ, ಮಾದೇಶ್ವರನ ಕಥೆ, ಮಂಟೇಸ್ವಾಮಿ ಕಥೆ ಬಲ್ಲ ಹಿರಿಯರು ಹಳೇ ಊರಿನಲ್ಲಿ ಈಗಲೂ ಸಿಗ್ತಾರೆ. ಅವರ ಜೊತೆಗೇ ಆ ಹಾಡೂ ಹೋಗಿಬಿಡಬಾರದು. ಯಾರಾದರೂ ಹುಡುಗಿ ಮೊಬೈಲಲ್ಲಿ ರೆಕಾರ್ಡ್ ಮಾಡಿ, ನೋಟ್‌ಬುಕ್ಕಲ್ಲಿ ಬರೆದಿಡಲಿ. ಮೈಸೂರು ವಿಶ್ವವಿದ್ಯಾನಿಲಯದವರು 1968ರಲ್ಲಿ ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯ ಮಾಡಿದ್ದೇ ಇಂಥದ್ದು ಉಳಿಯಲಿ ಅಂತ.

ರೇಡಿಯೋ: 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದೇ ಮೈಸೂರಿನಲ್ಲಿ. ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು. ಒಬ್ಬರೇ ಕೇಳುವ ರೇಡಿಯೋ ಬೇರೆ, ಹತ್ತು ಜನ ಕೂತು ಕೇಳಿ ಆಮೇಲೆ ಅದರ ಬಗ್ಗೆ ಮಾತಾಡೋದು ಬೇರೆ.

ಸಂಗೀತ, ನಾಟಕ: ಪಕ್ಕದ ಕುವೆಂಪುನಗರದಲ್ಲಿ ಗಾನಭಾರತಿಯ ವೀಣೆ ಶೇಷಣ್ಣ ಭವನ ಇದೆ, ಸಂಗೀತ ಕಾರ್ಯಕ್ರಮ ನಡೆಯುತ್ತೆ. ರಾಮಕೃಷ್ಣನಗರದಲ್ಲಿ ನಟನ ರಂಗಶಾಲೆ ಇದೆ, ನಾಟಕಗಳು ಆಗ್ತವೆ. ದಸರಾ ಹೊತ್ತಲ್ಲಂತೂ ಊರೆಲ್ಲ ಕಾರ್ಯಕ್ರಮ. ಇಬ್ಬರು ಮೂವರು ಹಿರಿಯರು ಜೊತೆಯಾಗಿ, ಒಬ್ಬ ಸದಸ್ಯೆ ಕೈಹಿಡಿದು ಕರ್ಕೊಂಡು ಹೋದರೆ ಸಾಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. "ಬಸ್ ಚಾರ್ಜ್ ಯಾರು ಕೊಡ್ತಾರೆ" ಅನ್ನೋ ಮಾತು ಅಜ್ಜಿಯರಿಗೆ ಈಗಿಲ್ಲ.

ಕೈಕೆಲಸ: ಹೂ ಕಟ್ಟೋದು, ಬತ್ತಿ ಹೊಸೆಯೋದು, ಸೊಪ್ಪು ಬಿಡಿಸೋದು, ಹಪ್ಪಳ ಸಂಡಿಗೆ ಇಡೋದು. ಕೈ ಆಡುತ್ತಿದ್ದರೆ ಬಾಯೂ ಆಡುತ್ತೆ. ಮಾತೇ ಆಡದ ಹಿರಿಯರೂ ಹೂ ಕಟ್ಟುವಾಗ ಮಾತಾಡ್ತಾರೆ.

ಕೂಟ ಶುರು ಮಾಡೋದು ಹೇಗೆ?

1992ರಲ್ಲಿ ನಬಾರ್ಡ್ ಬ್ಯಾಂಕ್ ಬರೀ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿ ಪ್ರಯೋಗ ಮಾಡಿತ್ತು. ಅಲ್ಲಿಂದ ಬೆಳೆದದ್ದು ಇವತ್ತಿನ ಸಂಘಗಳ ಚಳವಳಿ. ಸಂಘ ನಡೆಸೋದು ನಿಮಗೆ ಗೊತ್ತು. ಅದೇ ಜಾಣತನ ಇಲ್ಲೂ ಸಾಕು.

1. ಪಟ್ಟಿ ಮಾಡಿ. ನಿಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಮತ್ತು ಅದೇ ಬೀದಿಯಲ್ಲಿ 60 ದಾಟಿದವರು ಎಷ್ಟು ಜನ? ಅದರಲ್ಲಿ ಹಗಲು ಒಬ್ಬರೇ ಇರುವವರು ಯಾರು? ಹೊರಗೆ ಬರೋದನ್ನೇ ಬಿಟ್ಟವರು ಯಾರು? ಅವರ ಹೆಸರನ್ನು ಪಟ್ಟಿಯ ಮೇಲೆ ಬರೆಯಿರಿ. ಓಡಾಡಿಕೊಂಡಿರುವವರು ಹೇಗೂ ಬರ್ತಾರೆ.

2. ಮನೆಗೆ ಹೋಗಿ ಕರೆಯಿರಿ. ಚೀಟಿ ಕಳಿಸಿದರೆ, ವಾಟ್ಸಾಪ್ ಹಾಕಿದರೆ ಹಿರಿಯರು ಬರೋದಿಲ್ಲ. "ದೊಡ್ಡವ್ವ, ಮಂಗಳವಾರ ಬನ್ನಿ, ನಾನೇ ಬಂದು ಕರ್ಕೊಂಡೋಯ್ತೀನಿ" ಅನ್ನಬೇಕು. ಮೊದಲ ಎರಡು ಸಲ "ಒಲ್ಲೆ ಕಣವ್ವ" ಅಂತಾರೆ. ಮೂರನೇ ಸಲ ಸೀರೆ ಬದಲಾಯಿಸಿ ಕಾಯ್ತಿರ್ತಾರೆ.

3. ಜಾಗ ನೋಡಿ. ಹತ್ತಿರವಿರಬೇಕು, ಮೆಟ್ಟಿಲು ಇರಬಾರದು, ಕುರ್ಚಿ ಬೇಕು, ಕಕ್ಕಸು ಇರಲೇಬೇಕು. ಎಷ್ಟೋ ಅಜ್ಜಿಯರು ಹೊರಗೆ ಬರದಿರೋದಕ್ಕೆ ನಿಜವಾದ ಕಾರಣ ಕಕ್ಕಸಿನ ಚಿಂತೆ. ನಾಚಿಕೆಯಿಂದ ಹೇಳೋದಿಲ್ಲ ಅಷ್ಟೆ. ಸಮುದಾಯ ಭವನ, ಚರ್ಚಿನ ಕೊಠಡಿ, ದೇವಸ್ಥಾನದ ಹಜಾರ, ಶಾಲೆಯ ಒಂದು ರೂಮು, ಬಡಾವಣೆಯ ಪಾರ್ಕು, ಯಾವುದಾದರೂ ಸರಿ.

4. ಹೊತ್ತು ಅವರೇ ಹೇಳಲಿ. ಬೆಳಿಗ್ಗೆ ಅಡುಗೆ, ಸಂಜೆ ಮೊಮ್ಮಕ್ಕಳು ಶಾಲೆಯಿಂದ ಬರುವ ಹೊತ್ತು. ಬಹಳ ಕಡೆ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ತನಕ ಸರಿಹೋಗಬಹುದು. ದಿನ, ಹೊತ್ತು ಒಮ್ಮೆ ಗೊತ್ತು ಮಾಡಿದರೆ ಬದಲಾಯಿಸಬೇಡಿ. ಸಂಘದ ಸಭೆಯ ಹಾಗೆ ಪ್ರತಿ ವಾರ ಅದೇ ದಿನ. ಮಳೆ ಬಂತು, ಹಬ್ಬ ಬಂತು ಅಂತ ಎರಡು ವಾರ ಬಿಟ್ಟರೆ ಕೂಟ ನಿಂತುಹೋಗುತ್ತೆ.

5. ಜವಾಬ್ದಾರಿ ಹಿರಿಯರಿಗೇ ಕೊಡಿ. ಹಾಜರಿ ಕೂಗುವವರು ಒಬ್ಬರು, ಹಾಡು ಶುರು ಮಾಡುವವರು ಒಬ್ಬರು, ಮಜ್ಜಿಗೆ ಹಂಚುವವರು ಒಬ್ಬರು, ಬಾರದವರ ಮನೆಗೆ ಹೋಗಿ ವಿಚಾರಿಸುವವರು ಇಬ್ಬರು. ಸದಸ್ಯೆಯರು ಹಿಂದೆ ನಿಲ್ಲಬೇಕು, ಮುಂದೆ ನಿಂತು ಭಾಷಣ ಮಾಡಬಾರದು.

ಒಂದೂವರೆ ಗಂಟೆಯನ್ನು ಹೀಗೆ ಹಂಚಿಕೊಳ್ಳಬಹುದು: ಮೊದಲ ಹತ್ತು ನಿಮಿಷ ಹಾಜರಿ ಮತ್ತು ಕ್ಷೇಮಸಮಾಚಾರ. ಆಮೇಲೆ ಹದಿನೈದು ನಿಮಿಷ ಕುರ್ಚಿಯ ಮೇಲೆ ಕೂತೇ ಕೈಕಾಲು ಆಡಿಸೋ ವ್ಯಾಯಾಮ. ಮುಕ್ಕಾಲು ಗಂಟೆ ಆಟ, ಹಾಡು ಅಥವಾ ಕೈಕೆಲಸ. ಹತ್ತು ನಿಮಿಷ ಒಂದು ಉಪಯೋಗದ ಮಾಹಿತಿ. ಕೊನೆಗೆ ಮಜ್ಜಿಗೆ ಅಥವಾ ಟೀ, ಕಡ್ಲೆಪುರಿ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಇಲ್ಲದ ಟೀ ಬೇರೆ ಇಡಿ. ತಿಂಗಳಿಗೊಮ್ಮೆ ಮಕ್ಕಳನ್ನು ಕರೆಯಿರಿ. ಹಿರಿಯರು ಕಥೆ ಹೇಳಲಿ, ಮಕ್ಕಳು ಮೊಬೈಲಲ್ಲಿ ದೊಡ್ಡ ಅಕ್ಷರ ಮಾಡೋದು, ಮಗನಿಗೆ ವೀಡಿಯೋ ಕಾಲ್ ಮಾಡೋದು ಕಲಿಸಲಿ.

ಖರ್ಚು ಎಷ್ಟು? ಒಂದು ಲೆಕ್ಕ ನೋಡೋಣ. 15 ಜನ ಹಿರಿಯರು ವಾರಕ್ಕೆ ತಲಾ 5 ರೂಪಾಯಿ ಕೊಟ್ಟರೆ ನಾಲ್ಕು ವಾರಕ್ಕೆ 300 ರೂಪಾಯಿ. ಬಡಾವಣೆಯ 6 ಸಂಘಗಳು ತಿಂಗಳಿಗೆ ತಲಾ 50 ರೂಪಾಯಿ ಕೊಟ್ಟರೆ ಇನ್ನೊಂದು 300. ಒಟ್ಟು 600. ಒಬ್ಬರಿಗೆ 8 ರೂಪಾಯಿಯಂತೆ ಟೀ, ಪುರಿಗೆ ನಾಲ್ಕು ವಾರಕ್ಕೆ 480. ಉಳಿದ 120 ರೂಪಾಯಿ ಕೂಡಿಟ್ಟರೆ ವರ್ಷಕ್ಕೆ 1,440. ಒಂದು ದಿನದ ಪ್ರವಾಸಕ್ಕೆ ಅದು ಆಧಾರ. ಕೊಡಲಾಗದ ಹಿರಿಯರಿಂದ ದುಡ್ಡು ಕೇಳಬೇಡಿ. ಅವರು ಒಂದು ಹಾಡು ಹೇಳಿದರೆ ಅದೇ ವಂತಿಗೆ. ಐದು ರೂಪಾಯಿಯಾದರೂ ಪುಸ್ತಕದಲ್ಲಿ ಬರೆಯಿರಿ. ಲೆಕ್ಕ ಇಲ್ಲದ ದುಡ್ಡು ಕೂಟ ಒಡೆಯುತ್ತೆ, ಇದು ನಿಮಗೆ ಹೇಳಿಕೊಡಬೇಕಿಲ್ಲ.

ಬರುವ ತೊಡಕುಗಳು

ಕಿವಿ ಕೇಳದವರು: ಕಿವಿ ಮಂದವಾದವರು ಮೊದಲು ಕೂಟ ಬಿಡ್ತಾರೆ. ಎಲ್ಲರೂ ನಗುವಾಗ ತಾವು ನಗಲಾಗದೆ ನಾಚಿಕೊಂಡು ಮನೆಯಲ್ಲೇ ಕೂರ್ತಾರೆ. ಅವರ ಎದುರು ಕೂತು, ಮುಖ ಕಾಣುವಂತೆ, ನಿಧಾನವಾಗಿ ಮಾತಾಡಿ. ಕಿರುಚಬೇಡಿ. ನಮ್ಮ ಮಾನಸಗಂಗೋತ್ರಿಯಲ್ಲೇ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ನಾನಾ ಕಡೆಯಿಂದ ಜನ ಅಲ್ಲಿಗೆ ಬರ್ತಾರೆ. ದಟ್ಟಗಳ್ಳಿಯಿಂದ ನಾವು ಹೋಗದಿದ್ದರೆ ಹೇಗೆ? ಬಡ ಹಿರಿಯರಿಗೆ ಕೇಳುವ ಯಂತ್ರ, ಕನ್ನಡಕ, ಊರುಗೋಲು ಕೊಡಲು 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯೂ ಇದೆ.

ಮರೆವು ಇರುವವರು: ಅವರನ್ನು ಬಿಡಬೇಡಿ. ಜೊತೆಗೆ ಒಬ್ಬ ಗೆಳತಿಯನ್ನು ಗೊತ್ತುಮಾಡಿ. ಕೇಳಿದ್ದನ್ನೇ ಕೇಳಿದರೂ ಮತ್ತೆ ಹೇಳಿ. ನಿನ್ನೆಯ ಮಾತು ಮರೆತವರಿಗೂ ಹಳೇ ಹಾಡು ನೆನಪಿರುತ್ತೆ. ಆದರೆ ಇತ್ತೀಚೆಗೆ ದಾರಿ ತಪ್ಪೋದು, ಹಣದ ಲೆಕ್ಕ ತಪ್ಪೋದು ಕಂಡರೆ "ವಯಸ್ಸಾಯ್ತು" ಅಂತ ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ.

ಗಂಡ ತೀರಿಕೊಂಡವರು: ಇದನ್ನು ನೇರವಾಗಿ ಹೇಳಬೇಕು. ನಮ್ಮ ಊರುಗಳಲ್ಲಿ ಹೆಂಗಸರ ಕೂಟ ಅಂದರೆ ಅರಿಶಿನ ಕುಂಕುಮ, ಬಾಗಿನ, ಆರತಿ. ಅಲ್ಲಿ ವಿಧವೆಯರು ಹಿಂದೆ ನಿಲ್ತಾರೆ, ಇಲ್ಲವೇ ಬರೋದೇ ಇಲ್ಲ. ಹಿರಿಯ ಹೆಂಗಸರಲ್ಲಿ ಬಹಳ ಜನ ಗಂಡನನ್ನು ಕಳಕೊಂಡವರು. ನಮ್ಮ ಕೂಟದಲ್ಲೂ ಅದೇ ಭೇದ ಮಾಡಿದರೆ ಯಾರಿಗಾಗಿ ಕೂಟ ಮಾಡಿದೆವೋ ಅವರೇ ಹೊರಗುಳೀತಾರೆ. ದೀಪ ಹಚ್ಚಲಿ, ಹೂ ತಗೊಳ್ಳಲಿ, ಮೊದಲ ಹಾಡು ಹೇಳಲಿ. ಅದೇ ರೀತಿ ಜಾತಿ, ಮತ, ಬಾಡಿಗೆ ಮನೆ, ಸ್ವಂತ ಮನೆ ಅನ್ನೋ ಭೇದವೂ ಬೇಡ. ಪ್ರಾರ್ಥನೆ ಮಾಡುವುದಾದರೆ ಎಲ್ಲರಿಗೂ ಒಪ್ಪುವಂಥದ್ದಿರಲಿ.

ಗಂಡಸರು: ತಾತಂದಿರು ಸುಲಭವಾಗಿ ಬರೋದಿಲ್ಲ. "ನಮಗೇನ್ ಕೆಲಸ ಅಲ್ಲಿ" ಅಂತಾರೆ. ಅವರಿಗೆ ನಿಜವಾಗಿ ಒಂದು ಕೆಲಸವೇ ಕೊಡಬೇಕು. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ವಯಸ್ಸಾದ ಗಂಡಸರು ಒಂದು ಶೆಡ್ಡಿನಲ್ಲಿ ಸೇರಿ ಮರಗೆಲಸ, ರಿಪೇರಿ ಮಾಡ್ತಾ ಮಾತಾಡ್ತಾರೆ. ನಮ್ಮಲ್ಲಿ ಪಾರ್ಕಿನ ಗಿಡ ನೋಡಿಕೊಳ್ಳೋದು, ಮುರಿದ ಕುರ್ಚಿ ಸರಿಮಾಡೋದು, ಪೇಪರ್ ಓದಿ ಹೇಳೋದು ಆಗಬಹುದು.

ಮನೆಯವರ ಅನುಮಾನ: "ಅಲ್ಲಿ ಕೂತು ಮನೆ ಮಾತು ಆಡ್ತಾರೆ" ಅಂತ ಸೊಸೆಗೆ ಭಯ. ಅದಕ್ಕೆ ಒಂದು ನಿಯಮ ಮಾಡಿ: ಇಲ್ಲಿ ಕೇಳಿದ ಮನೆ ಮಾತು ಇಲ್ಲೇ ಉಳಿಯಬೇಕು. ಒಂದು ಸಲ ಸೊಸೆಯಂದಿರನ್ನೂ ಕರೆದು ಮಜ್ಜಿಗೆ ಕೊಡಿ. ಮಾತಾಡಿ ಹಗುರಾಗಿ ಬಂದ ಅತ್ತೆ ಮನೆಯಲ್ಲೂ ಹಗುರಾಗಿರ್ತಾರೆ.

ವ್ಯಾಪಾರಸ್ಥರು: ಹಿರಿಯರು ಸೇರೋ ಜಾಗಕ್ಕೆ ಔಷಧಿ ಮಾರುವವರು, ಚೀಟಿ ನಡೆಸುವವರು, ದುಡ್ಡು ಡಬಲ್ ಮಾಡುವವರು, ಓಟು ಕೇಳುವವರು ಬಂದೇ ಬರ್ತಾರೆ. ಒಳಗೆ ಬಿಡಬೇಡಿ. ಹಿರಿಯರ ಪಾಸ್‌ಬುಕ್, ಎಟಿಎಂ ಕಾರ್ಡ್, ಒಟಿಪಿ ಯಾರ ಕೈಗೂ ಹೋಗಬಾರದು, ನಮ್ಮ ಸದಸ್ಯರ ಕೈಗೂ ಬೇಡ. ಫೋನಿನಲ್ಲಿ ಮೋಸವಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಕೂಟದಲ್ಲಿ ತಿಳಿಸಬೇಕಾದ ವಿಷಯಗಳು

ವಾರಕ್ಕೊಂದರಂತೆ ಈ ವಿಷಯ ಹೇಳಬಹುದು.

• ಸಂಧ್ಯಾ ಸುರಕ್ಷಾ ಯೋಜನೆ: 2007ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಮಾಸಾಶನ. 65 ತುಂಬಿದ ಬಡ ಹಿರಿಯರಿಗೆ. ಅರ್ಜಿಗೆ ನಾಡಕಚೇರಿಯಲ್ಲಿ ವಿಚಾರಿಸಿ.
• ಹಿರಿಯ ನಾಗರಿಕರ ಗುರುತಿನ ಚೀಟಿ: 60 ದಾಟಿದವರಿಗೆ. ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. 60 ದಾಟಿದ ಗಂಡಸರಿಗೂ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನೂರಕ್ಕೆ 25 ರಿಯಾಯಿತಿ ಇದೆ, ವಯಸ್ಸಿನ ದಾಖಲೆ ಜೊತೆಗಿರಲಿ.
• 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ: ನೋಡಿಕೊಳ್ಳದ ಮಕ್ಕಳ ಮೇಲೆ ಹಿರಿಯರು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರನ್ನು ಇಡಬೇಕಾಗಿಲ್ಲ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಆಮೇಲೆ ಮಕ್ಕಳು ಕೈಬಿಟ್ಟರೆ ಆ ಪತ್ರವನ್ನು ರದ್ದು ಮಾಡಿಸಲಿಕ್ಕೂ ದಾರಿ ಇದೆ. ಅದಕ್ಕೇ ಬರೆದುಕೊಡುವ ಮುಂಚೆ ಆ ಷರತ್ತು ಪತ್ರದಲ್ಲಿ ಇದೆಯೇ ಎಂದು ನೋಡಬೇಕು.
• 14567: ಹಿರಿಯರ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ಈ ಮಾಹಿತಿ ಟಿವಿಯಲ್ಲಿ, ಪೇಪರಲ್ಲಿ ಬರುತ್ತೆ. ಆದರೆ ಮನೆಯೊಳಗೆ ಒಬ್ಬರೇ ಕೂತವರಿಗೆ ಅದು ತಮಗಾಗಿ ಅಂತ ಅನಿಸೋದಿಲ್ಲ. ಪಕ್ಕದಲ್ಲಿ ಕೂತ ಗೆಳತಿ "ನಂಗೆ ಬಂತು ಕಣೆ, ನೀನೂ ಹಾಕು" ಅಂದಾಗಲೇ ಧೈರ್ಯ ಬರೋದು. ಮನೆಯಲ್ಲಿ ಹೊಡೆತ ತಿನ್ನುವ, ಊಟಕ್ಕೆ ಅನ್ನಿಸಿಕೊಳ್ಳುವ ಹಿರಿಯರೂ ಇದ್ದಾರೆ. ಎರಡು ವಾರ ಕೂಟಕ್ಕೆ ಬಾರದಿದ್ದರೆ ಯಾರಾದರೂ ಮನೆಗೆ ಬಂದು ವಿಚಾರಿಸ್ತಾರೆ ಅನ್ನೋ ಒಂದು ವಿಷಯವೇ ಅವರಿಗೆ ರಕ್ಷಣೆ.

ನಮ್ಮ ಸಂಘದ ಹಿರಿಯ ಸದಸ್ಯೆಯರು

ಕೊನೆಯದಾಗಿ ನಮ್ಮ ಸಂಘದ ಒಳಗೇ ನೋಡಿಕೊಳ್ಳೋಣ. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000-01ರಲ್ಲಿ. ಆಗ ನಲವತ್ತರ ಆಸುಪಾಸಿನಲ್ಲಿ ಸಂಘ ಸೇರಿದವರಿಗೆ ಈಗ ಅರವತ್ತೈದು. ಒಂದು ರೂಪಾಯಿ, ಎರಡು ರೂಪಾಯಿ ಕೂಡಿಟ್ಟು ಸಂಘ ಕಟ್ಟಿದವರು ಅವರು. "ವಯಸ್ಸಾಯ್ತು, ಸಾಲಕ್ಕೆ ತೊಂದರೆ ಆಗ್ತದೆ, ನೀವು ಬಿಡಿ, ಸೊಸೆ ಹೆಸರು ಹಾಕಿ" ಅಂತ ಅವರನ್ನು ಕಳಿಸೋದು ಸುಲಭ. ಆದರೆ ಅವತ್ತಿನಿಂದ ಅವರಿಗೆ ಮಂಗಳವಾರವೂ ಇಲ್ಲ, ಸಭೆಯೂ ಇಲ್ಲ. ಸಾಲದ ಲೆಕ್ಕ ಬೇರೆ, ಸದಸ್ಯತ್ವ ಬೇರೆ. ಸಾಲ ಬೇಡದವರು ಉಳಿತಾಯಕ್ಕೆ, ಸಲಹೆಗೆ, ಜಗಳ ಬಿಡಿಸೋದಕ್ಕೆ ಬರಲಿ. ಹಿರಿಯರ ಕೂಟಕ್ಕೆ ಮೊದಲ ಮುಂದಾಳುಗಳು ಇವರೇ ಆಗಲಿ.

ನಿಮ್ಮ ಸಭೆಯಲ್ಲಿ ಚರ್ಚಿಸಿ

1. ನಮ್ಮ ಬೀದಿಯಲ್ಲಿ ಹಗಲು ಹೊತ್ತು ಒಬ್ಬರೇ ಇರುವ ಹಿರಿಯರು ಯಾರು ಯಾರು?
2. ಕಳೆದ ಒಂದು ವರ್ಷದಲ್ಲಿ ನಮ್ಮ ಸಂಘ ಬಿಟ್ಟ ಹಿರಿಯ ಸದಸ್ಯೆಯರು ಎಷ್ಟು? ಯಾಕೆ ಬಿಟ್ಟರು?
3. ಕೂಟಕ್ಕೆ ಮೆಟ್ಟಿಲಿಲ್ಲದ, ಕಕ್ಕಸು ಇರುವ ಜಾಗ ಎಲ್ಲಿ ಸಿಗುತ್ತೆ? ಯಾರನ್ನು ಕೇಳಬೇಕು?
4. ಯಾವ ದಿನ, ಯಾವ ಹೊತ್ತು? ಮೊದಲ ವಾರ ಯಾರು ಯಾರ ಮನೆಗೆ ಹೋಗಿ ಕರೆಯಬೇಕು?

ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ಒಕ್ಕೂಟದ ಸಭೆಗೆ ನಿಮ್ಮ ಪ್ರತಿನಿಧಿಯ ಕೈಯಲ್ಲಿ ಕಳುಹಿಸಿ. ಎರಡು ಮೂರು ಸಂಘಗಳು ಸೇರಿ ಒಂದು ಕೂಟ ನಡೆಸಿದರೂ ಸಾಕು. ನಮ್ಮ ಕಾರ್ಯಕರ್ತೆಯರು ಮೊದಲ ಕೆಲವು ವಾರ ನಿಮ್ಮ ಜೊತೆಗಿರ್ತಾರೆ. ಮುಂದಿನದ್ದನ್ನು ಹಿರಿಯರೇ ನಡೆಸ್ತಾರೆ, ನೀವೇ ನೋಡಿ.